ಕೆನ್ನೆಗೆ ಚುಚ್ಚದ ಬ್ರಷ್ಷು

ಜನವರಿ 9

ಊರ ಮುಖಗಳಿಗೆಲ್ಲ ಒಡತಿಯಾದ ಅಕ್ಕನಿಗೆ,

ತಮ್ಮನ ಸಾಷ್ಟಾಂಗ ನಮಸ್ಕಾರ. ಇವನಿಗೆ ಇಷ್ಟು ವಿನಯ ಎಲ್ಲಿಂದ ಬಂತು ಎಂದು ನೀನು ಆಗಲೇ ಹುಬ್ಬೇರಿಸಿರುತ್ತೀಯ. ಇಳಿಸು, ದುಡ್ಡು ಕೇಳುತ್ತಿಲ್ಲ. ಅದಕ್ಕಿಂತ ದೊಡ್ಡದನ್ನೇ ಕೇಳುತ್ತಿದ್ದೇನೆ. ನಿನ್ನ ಪಾರ್ಲರಿನಲ್ಲಿ ಕೆನ್ನೆಗೆ ರಂಗು ಹಚ್ಚಿ ಹಚ್ಚಿ ಮುದಿಯಾದ ಬ್ರಷ್ಷುಗಳಿದ್ದರೆ ಎರಡು ಮೂರು ಕಳಿಸಿಕೊಡು.

ಫೋನ್ ಬಿಟ್ಟು ಕಾಗದ ಯಾಕೆಂದರೆ, ಸಂಗತಿ ಅಪ್ಪನಿಗೆ ಗೊತ್ತಾಗಬಾರದು. ಅವರ ಕಣ್ಣು ಮಂಜಾದಾಗಿನಿಂದ ಕಿವಿ ಎರಡಾಳಿನ ಕೆಲಸ ಮಾಡುತ್ತಿದೆ. ನಾನು ಇಲ್ಲಿ ಹಲೋ ಅನ್ನುವಷ್ಟರಲ್ಲಿ ಅವರು ಅಲ್ಲಿ ಒಳಕೋಣೆಯಿಂದ “ಏನಂತೆ ಅವನಿಗೆ, ನೆಗಡಿಯಾ?” ಅನ್ನುತ್ತಾರೆ. ಗೋಡೆಗೆ ಕಿವಿ ಇರುವ ಮನೆಗಳನ್ನು ಕಂಡಿದ್ದೇನೆ. ನಮ್ಮ ಮನೆಯಲ್ಲಿ ಗೋಡೆಯೇ ಅವರನ್ನು ಕೇಳಿ ತಿಳಿದುಕೊಳ್ಳಬೇಕು.

ಏಪ್ರಿಲ್‌ಗೆ ಅಪ್ಪನಿಗೆ ಎಪ್ಪತ್ತು. ಹಗಲೆಲ್ಲ ಇನ್ನೂ ಕಟ್ಟದ ಕಟ್ಟಡಗಳನ್ನು ಅಂಗೈಯಗಲ ಕಟ್ಟಿ, ಅವುಗಳ ಮುಂದೆ ಇನ್ನೂ ಹುಟ್ಟದ ಜನರನ್ನು ನಿಲ್ಲಿಸಿ ಸಂಬಳ ಎಣಿಸುವ ನಾನು, ಈ ಸಲ ನಿಜವಾಗಿ ಇದ್ದದ್ದೊಂದನ್ನು ಮಾಡಬೇಕೆಂದು ಹೊರಟಿದ್ದೇನೆ. ಅಪ್ಪ ಓಡಿಸುತ್ತಿದ್ದ ಬಸ್ಸು. ಮೊಳದುದ್ದದ ಮಾದರಿ. ಸೀಟು, ಗಂಟೆ, ಹಗ್ಗ, ಮುಂದಿನ ಜಾಲರಿಯಲ್ಲಿ ಡಿಪೋ ಗೋಡೆಗೆ ಗುದ್ದಿ ಸೊಟ್ಟಗಾದ ಆ ಕಡ್ಡಿಯೂ ಸೇರಿ. (ಗುದ್ದಿ ಎಂದು ನಾನು ಬರೆದದ್ದನ್ನು ಅಪ್ಪನಿಗೆ ಹೇಳಬೇಡ. ಗೋಡೆ ಮುಂದೆ ಬಂತು ಎಂಬುದೇ ಇವತ್ತಿಗೂ ಅಧಿಕೃತ ವರದಿ.)

ಬಸ್ಸಿನ ಮೈ ಆಗಿದೆ. ಬಣ್ಣ ಬಳಿದಿದ್ದೂ ಆಗಿದೆ. ಆದರೆ ಕಪ್ಪು ಜಾಲರಿ ಬರೀ ಕಪ್ಪಾಗಿ, ಸತ್ತ ಹಾಗೆ ಕೂತಿದೆ. ಇದಕ್ಕೆ ಡ್ರೈ ಬ್ರಷ್ ಮಾಡಬೇಕು. ಅಂದರೆ, ಬ್ರಷ್ಷಿಗೆ ತಿಳಿಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನುವಾಗ ಮೇಲೆ ಮೇಲೆ ಆಡಿಸುವುದು. ಉಬ್ಬಿದ ಅಂಚುಗಳಿಗೆ ಮಾತ್ರ ಬಣ್ಣ ಹತ್ತುತ್ತದೆ, ತಗ್ಗುಗಳು ಕತ್ತಲಲ್ಲೇ ಉಳಿಯುತ್ತವೆ. ನೂರು ವರ್ಷ ಓಡಿ ಸವೆದ ಹಾಗೆ ಕಾಣುತ್ತದೆ. ನನ್ನ ಹತ್ತಿರ ಇರುವ ಗಟ್ಟಿ ಕೂದಲ ಚಪ್ಪಟೆ ಬ್ರಷ್ಷು ಬೆಕ್ಕು ಪರಚಿದ ಹಾಗೆ ಗೀರು ಹಾಕುತ್ತದೆ. ಸೂಜಿತುದಿಯ ತೆಳ್ಳನೆಯದು ಎರಡು ಸಲ ಉಜ್ಜಿದ್ದಕ್ಕೇ ಪೊರಕೆಯಾಯಿತು. ಬೇಕಾದದ್ದು ಮೆತ್ತಗಿನ, ದಟ್ಟ ಕೂದಲ, ಗುಮ್ಮಟದ ಹಾಗೆ ದುಂಡು ತಲೆಯ ಬ್ರಷ್ಷು. ಅಂಥವು ಲೋಕದಲ್ಲಿ ನಿನ್ನ ಸ್ಟ್ಯಾಂಡಿನಲ್ಲೇ ಇರುವುದು.

ಬೇಡುವ ಭಂಗಿಯಲ್ಲಿ,
ತಮ್ಮ


ಜನವರಿ 20

ಬ್ರಷ್ಷಿನ ನೆಪದಲ್ಲಾದರೂ ಅಕ್ಕನನ್ನು ನೆನೆದ ತಮ್ಮನಿಗೆ,

ನಿನ್ನ ಗುಟ್ಟಿನ ಕಾಗದ ಮೊದಲು ಸಿಕ್ಕಿದ್ದು ಅಪ್ಪನಿಗೆ. ನಾನು ಕೆಳಗೆ ಪಾರ್ಲರಿನಲ್ಲಿ ಒಬ್ಬರ ಹುಬ್ಬಿನ ಜೊತೆ ಹೋರಾಡುತ್ತಿದ್ದೆ. ಅಂಚೆಯವನು ನೇರ ಮೇಲೆ ಹೋಗಿ ಕೊಟ್ಟಿದ್ದಾನೆ. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅಪ್ಪ ಒಡೆದಾಗಿತ್ತು. ಕಿಟಕಿಯ ಹತ್ತಿರ ಹಿಡಿದರು, ದೂರ ಹಿಡಿದರು, ಸ್ಟೇರಿಂಗ್ ತಿರುಗಿಸಿದ ಹಾಗೆ ಅರ್ಧ ಸುತ್ತು ತಿರುಗಿಸಿದರು. ಆಮೇಲೆ ಮಡಿಸಿ ನನ್ನ ಕೈಗಿಟ್ಟು, “ಚೆನ್ನಾಗಿದಾನಂತೆ. ಅಲ್ಲಿ ಚಳಿ ಜಾಸ್ತಿಯಂತೆ” ಅಂದರು.

ನಾನು “ಹೌದಾ” ಅಂದೆ. ಇನ್ನೇನು ಅನ್ನಲಿ? ಆಮೇಲೆ ನಿನ್ನ ಕಾಗದದಲ್ಲೆಲ್ಲ ಚಳಿ ಹುಡುಕಿದೆ. ಅದೂ ಸುಲಭವಲ್ಲ ಬಿಡು. ನಿನ್ನ ಅಕ್ಷರ ಎಂದರೆ ಸಕ್ಕರೆ ಡಬ್ಬಿಗೆ ಹೊರಟ ಇರುವೆ ಸಾಲು. ಕಣ್ಣು ನೆಟ್ಟಗಿರುವ ನನಗೇ ಎರಡು ಸಾಲಿಗೊಮ್ಮೆ ನೀರು ಬರುತ್ತದೆ.

ಇನ್ನು ಬ್ರಷ್ಷಿನ ವಿಚಾರ. ಮದುವಣಗಿತ್ತಿಯರ ಕೆನ್ನೆ ಸವರಿದ ಬ್ರಷ್ಷಿಗೆ ಬಸ್ಸಿನ ಕೆನ್ನೆ ಸವರುವ ಗತಿ ಬಂತಲ್ಲಾ ಎಂದು ಒಂದು ಕ್ಷಣ ಮೌನ ಆಚರಿಸಿದೆ. ಆಮೇಲೆ ಮೂರನ್ನು ಆರಿಸಿ ಇದರ ಜೊತೆ ಇಟ್ಟಿದ್ದೇನೆ. ಆರಿಸುವ ವಿದ್ಯೆಯನ್ನೂ ಕಲಿತುಕೋ, ಮುಂದೆ ಅಂಗಡಿಗೆ ಹೋದಾಗ ಬೇಕಾಗುತ್ತದೆ. ಬ್ರಷ್ಷನ್ನು ನೋಡಿ ಆರಿಸಬಾರದು. ನೋಡೋದಕ್ಕೆ ಎಲ್ಲವೂ ರಾಜಕುಮಾರಿಯರೇ. ಕಣ್ಣು ಮುಚ್ಚಿ ಕೆನ್ನೆಯ ಮೇಲೆ ಆಡಿಸಬೇಕು. ಕಚಗುಳಿ ಆದರೆ ಸರಿ, ಚುಚ್ಚಿದರೆ ವಾಪಸ್. ನನಗೆ ಕೆಲಸ ಕಲಿಸಿದ ಮೇಡಂ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ ಆರಿಸೋಕೆ ಹೇಳುತ್ತಿದ್ದರು.

ಮಹಾರಾಣಿಯನ್ನು ಮಾತ್ರ ಕೇಳಬೇಡ. ಗೊತ್ತಲ್ಲ, ನನ್ನ ಆ ದೊಡ್ಡ ಪೌಡರ್ ಬ್ರಷ್ಷು. ಅದನ್ನು ಕಣ್ಣಿಂದ ಮುಟ್ಟುವುದಕ್ಕೂ ಗಿರಾಕಿಗಳು ನನ್ನನ್ನು ಕೇಳಬೇಕು. ಬೇಕಾದರೆ ನನ್ನ ಒಂದು ಕಿಡ್ನಿ ಕೇಳು, ಯೋಚನೆ ಮಾಡುತ್ತೇನೆ.

ಅಪ್ಪ ಈಗೀಗ ಕೆಳಗೆ ಇಳಿಯುತ್ತಿಲ್ಲ. ಕೇಳಿದರೆ, “ಕೆಳಗೇನಿದೆ?” ಅನ್ನುತ್ತಾರೆ. ಕೆಳಗೆ ನಾನಿದ್ದೇನೆ, ಬೀದಿ ಇದೆ, ಊರಿದೆ. ಇರಲಿ, ಆ ಮಾತು ಇನ್ನೊಮ್ಮೆ.

ಒಂದು ಕಿಡ್ನಿ ಕಳೆದುಕೊಳ್ಳಲು ಸಿದ್ಧಳಾದ,
ಅಕ್ಕ


ಫೆಬ್ರವರಿ 4

ಅಕ್ಕಾ, ತಾಯೀ, ಮಹಾತಾಯೀ,

ಒಂದೇ ಪ್ರಶ್ನೆ. ಬ್ರಷ್ಷುಗಳನ್ನು ಕಳಿಸುವ ಮುಂಚೆ ಏನು ಮಾಡಿದೆ?

ನಾನೇ ಹೇಳುತ್ತೇನೆ. ತಮ್ಮನಿಗೆ ಕೊಳೆ ಬ್ರಷ್ಷು ಕಳಿಸಬಾರದು ಎಂದು ಶಾಂಪೂ ಹಾಕಿದೆ. ಅಷ್ಟಕ್ಕೆ ನಿಲ್ಲಿಸಿದೆಯಾ? ಇಲ್ಲ. ಪಾಪ, ದೂರದ ಪ್ರಯಾಣ, ಕೂದಲು ಒರಟಾಗುತ್ತದೆ ಎಂದು ಕಂಡಿಷನರ್ ಹಾಕಿದೆ. ಪೊಟ್ಟಣ ಬಿಚ್ಚಿದಾಗಲೇ ನನ್ನ ಕೋಣೆಗೆ ಯಾರೋ ಸ್ನಾನ ಮಾಡಿ ಬಂದ ಹಾಗೆ ಘಮ್ಮೆಂದಿತು. ಆಗಲೇ ಅನುಮಾನ ಪಡಬೇಕಿತ್ತು.

ಜಿಡ್ಡಿನ ಕೂದಲಿಗೆ ಪೇಂಟು ನಿಲ್ಲುತ್ತದೆಯೇ? ತಾವರೆ ಎಲೆಯ ಮೇಲಿನ ನೀರಿನ ಹಾಗೆ ಜಾರಿತು. ಜಾರಿ ಸುಮ್ಮನಾಗದೆ ಜಾಲರಿಯ ತಗ್ಗುಗಳಲ್ಲೆಲ್ಲ ಹೋಗಿ ಕೂತಿತು. ಉಬ್ಬು ಬೆಳಗಬೇಕು, ತಗ್ಗು ಕಪ್ಪಾಗಿರಬೇಕು ಎಂಬ ಇಡೀ ಶಾಸ್ತ್ರವೇ ತಲೆಕೆಳಗು. ಬಸ್ಸಿನ ಮುಖ ಎಣ್ಣೆ ಹಚ್ಚಿ ಬಾಚಿಸಿಕೊಂಡು ಫೋಟೋಗೆ ಕೂತ ಮಗುವಿನ ಹಾಗೆ ಆಯಿತು. ಜಾಲರಿ ಕಿತ್ತು ಹೊಸದು ಮಾಡಿದೆ. ಪ್ರೀತಿಯಿಂದ ಕೆಟ್ಟ ಕೆಲಸಗಳ ವಸ್ತುಸಂಗ್ರಹಾಲಯ ಯಾರಾದರೂ ತೆರೆದರೆ ಹಳೆಯದನ್ನು ಕೊಡುತ್ತೇನೆ.

ಬೈದದ್ದು ಮುಗಿಯಿತು. ಈಗ ಹೊಗಳಿಕೆ. ಮೂರನ್ನೂ ಪಾತ್ರೆ ಸೋಪಿನಲ್ಲಿ ಉಜ್ಜಿ, ತಲೆ ಕೆಳಗಾಗಿ ನೇತುಹಾಕಿ, ಚೆನ್ನಾಗಿ ಒಣಗಿಸಿ ಮತ್ತೆ ಹಿಡಿದೆ. ಕೂದಲು ಅರ್ಧ ಉದುರಿ ಮೊಂಡಾದ ಆ ಅಜ್ಜಿ ಬ್ರಷ್ಷು ಇದೆಯಲ್ಲ, ಹಿಡಿಯ ಮೇಲಿನ ಚಿನ್ನದ ಬಣ್ಣ ಎದ್ದುಹೋದದ್ದು, ಅದು ಮಾಡಿದ ಕೆಲಸ ನೋಡಿ ನಾನು ಎದ್ದು ನಿಂತೆ. ಗೀರಿಲ್ಲ, ಮುದ್ದೆಯಿಲ್ಲ. ಬೆಳಕು ತಾನಾಗಿ ಬಂದು ಅಂಚಿನ ಮೇಲೆ ಕೂತ ಹಾಗೆ. ಇದರ ಜೊತೆ ಪ್ರಯೋಗಕ್ಕೆಂದು ಮಾಡಿದ ಎರಡು ಜಾಲರಿ ಕಳಿಸಿದ್ದೇನೆ, ನೀನೇ ನೋಡು. ಒಂದು ಬರೀ ಕಪ್ಪು, ಇನ್ನೊಂದಕ್ಕೆ ಡ್ರೈ ಬ್ರಷ್ ಆಗಿದೆ. ಎರಡರಲ್ಲೂ ಸೊಟ್ಟ ಕಡ್ಡಿ ಇದೆ.

ಇನ್ನೊಂದು ಮಾತು. ಹೋಲ್ಡಾನ್ ಮಾಮ ನನಗೆ ಫೋನ್ ಮಾಡಿದ್ದರು. ಅಪ್ಪನ ಬಸ್ಸಿನ ಕಂಡಕ್ಟರ್ ಕೆಲಸ ಬಿಟ್ಟು ಇಷ್ಟು ವರ್ಷ ಆದರೂ ರಸ್ತೆ ದಾಟುವಾಗ “ಹೋಲ್ಡಾನ್” ಎಂದು ತಮಗೆ ತಾವೇ ಕೂಗಿಕೊಳ್ಳುತ್ತಾರಲ್ಲ, ಅದೇ ಗಂಟಲು ಇವತ್ತು ತಗ್ಗಿತ್ತು. “ನಿಮ್ಮಪ್ಪ ಬೆಂಚಿಗೆ ಬರ್ತಾನೇ ಇಲ್ಲ ಕಣಪ್ಪ. ನಾನೇನಾದ್ರೂ ತಪ್ಪು ಮಾತಾಡಿದ್ನಾ?” ಎಂದು ಕೇಳಿದರು. ಚಹಾ ಅಂಗಡಿಯ ಮುಂದೆ ಅಪ್ಪನ ಜಾಗದಲ್ಲಿ ಯಾರೂ ಕೂರದ ಹಾಗೆ ತಮ್ಮ ಟವಲ್ ಹಾಸಿಡುತ್ತಾರಂತೆ.

‘ಆ ಮಾತು ಇನ್ನೊಮ್ಮೆ’ ಎಂದು ಬರೆದಿದ್ದೀಯ. ಈಗ ಬರೆ.

ತಮ್ಮ


ಫೆಬ್ರವರಿ 19

ತಮ್ಮಾ,

ಕಂಡಿಷನರ್ ಬಗ್ಗೆ ನಾನು ಕ್ಷಮೆ ಕೇಳುವುದಿಲ್ಲ. ಕೂದಲು ಯಾವ ತಲೆಯದೇ ಆಗಲಿ, ನನ್ನ ಧರ್ಮ ನಾನು ಮಾಡಿದ್ದೇನೆ.

ಈಗ ಆ ಮಾತು. ಡಿಸೆಂಬರ್‌ನಲ್ಲಿ ಅಪ್ಪ ಮೆಟ್ಟಿಲ ಮೇಲೆ ಜಾರಿದರು. ಸದ್ದು ಕೇಳಿ ನಾನು ಕೈಯಲ್ಲಿದ್ದ ಕ್ರೀಮಿನ ಸಮೇತ ಓಡಿದೆ. ಕೆಳಗಿನ ಮೆಟ್ಟಿಲ ಮೇಲೆ ಬಸ್ಸಿಗೆ ಕಾಯುವವರ ಹಾಗೆ ನೆಟ್ಟಗೆ ಕೂತಿದ್ದರು. “ಮೆಟ್ಟಿಲು ಹಿಂದಕ್ಕೆ ಸರೀತು” ಅಂದರು. ಗೋಡೆ ಮುಂದೆ ಬಂದಿದ್ದ ಮನುಷ್ಯನಿಗೆ ಮೆಟ್ಟಿಲು ಹಿಂದೆ ಸರಿಯುವುದೇನು ಕಷ್ಟ? ಮೂಳೆಗೆ ಏನೂ ಆಗಿಲ್ಲ. ಆದರೆ ಅವತ್ತಿನಿಂದ ಇಳಿದಿಲ್ಲ. ನಿನಗೆ ಹೇಳಬಾರದು ಎಂದು ಮಾತು ತಗೊಂಡಿದ್ದರು, ಅದಕ್ಕೇ ಸುಮ್ಮನಿದ್ದೆ.

ಕಣ್ಣಿನ ಡಾಕ್ಟರು ಇದು ಆಪರೇಷನ್‌ಗೆ ಬಗ್ಗುವುದಲ್ಲ, ಇರುವಷ್ಟನ್ನು ಕಾಪಾಡಿಕೊಂಡು ಹೋಗಬೇಕು ಅಂದಿದ್ದಾರೆ. ಕಪ್ಪಿನ ಪಕ್ಕ ಬಿಳಿ ಇದ್ದರೆ ಕಾಣುತ್ತದೆ, ಕಪ್ಪಿನ ಮೇಲೆ ಕಪ್ಪು ಇದ್ದರೆ ಎಲ್ಲ ಒಂದೇ. ನಮ್ಮ ಮೆಟ್ಟಿಲೋ, ಮೇಲಿನಿಂದ ಕೆಳಗಿನ ತನಕ ಕಡುಗಪ್ಪು ಸಿಮೆಂಟು. ಅವರಿಗೆ ಅದು ಮೆಟ್ಟಿಲಲ್ಲ, ಬಾವಿ. ಅಂಚಿಗೆ ಬಿಳಿ ಪಟ್ಟೆ ಹೊಡೆಸೋಣ ಎಂದು ಪೇಂಟರನ್ನು ಕರೆಸಿದ್ದೆ. ಅಪ್ಪ ಮೇಲಿನಿಂದಲೇ ಅವನನ್ನು ವಾಪಸ್ ಕಳಿಸಿದರು. “ಇದೇನು ಮನೆಯೋ ಜೀಬ್ರಾ ಕ್ರಾಸಿಂಗೋ? ಪಟ್ಟೆ ನೋಡಿದವರೆಲ್ಲ ಕೇಳ್ತಾರೆ, ಈ ಮನೇಲಿ ಯಾರಿಗೆ ಕಣ್ಣಿಲ್ಲ ಅಂತ.” ಮೂವತ್ತು ವರ್ಷ ಊರಿನ ಜನರನ್ನೆಲ್ಲ ಹಿಂದೆ ಕೂರಿಸಿಕೊಂಡು ಕತ್ತಲಲ್ಲಿ ರಸ್ತೆ ನೋಡಿದ ಕಣ್ಣು ಅದು.

ಕೈ ಹಿಡಿದು ಇಳಿಸುತ್ತೇನೆ ಅಂದೆ. “ನಿನ್ನ ಗಿರಾಕಿಗಳ ಮುಂದೇನಾ?” ಅಂದರು. ಹೋಲ್ಡಾನ್ ಮಾಮನನ್ನು ಮೇಲೆ ಕರೆಯೋಣ ಅಂದರೆ, ಅವರ ಮಂಡಿ ನಮ್ಮ ಮೆಟ್ಟಿಲಿಗೆ ಒಪ್ಪುವುದಿಲ್ಲ. ಹೀಗೆ ಒಬ್ಬರು ಮೇಲೆ, ಒಬ್ಬರು ಕೆಳಗೆ.

ಈಗ ನಿನ್ನ ಜಾಲರಿ. ಪೊಟ್ಟಣ ಬಿಚ್ಚಿ ಎರಡನ್ನೂ ಮೇಜಿನ ಮೇಲೆ ಇಟ್ಟು ನೀರು ಕುಡಿಯಲು ಒಳಗೆ ಹೋಗಿದ್ದೆ. ಬಂದು ನೋಡಿದರೆ ಅಪ್ಪ ಮೇಜಿನ ಮುಂದೆ, ಕೈ ಹಿಂದೆ ಕಟ್ಟಿ, ಬಗ್ಗಿ ನಿಂತಿದ್ದಾರೆ. ಮುಟ್ಟಿರಲಿಲ್ಲ ಕಣೋ. ಬರೀ ಕಪ್ಪು ಜಾಲರಿಯ ಕಡೆ ಗದ್ದ ತೋರಿಸಿ, “ಇದೇನು, ನಿನ್ನ ಮುರಿದ ಬಾಚಣಿಗೆಯಾ?” ಅಂದರು. ಇನ್ನೊಂದರ ಕಡೆ ತಿರುಗಿದರು. ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ, “ಎಡಗಡೆಯಿಂದ ಎರಡನೇ ಕಡ್ಡಿ ಸೊಟ್ಟ ಇದೆ. ಮಾಡಿದವನಿಗೆ ಗಾಡಿ ಗೊತ್ತು” ಅಂದರು.

ಎರಡನೇ ಕಡ್ಡಿ, ತಮ್ಮಾ. ನಿನ್ನ ಕಡ್ಡಿ ಬೆಂಕಿಕಡ್ಡಿಗಿಂತ ಸಣ್ಣ ಇದೆ. ಊಟದ ತಟ್ಟೆಯಲ್ಲಿ ಬಿಳಿ ಅನ್ನದ ಮೇಲಿನ ಬಿಳಿ ಮೊಸರು ಕಾಣದೆ ತಡಕಾಡುವ ಅಪ್ಪ ಅದನ್ನು ನೋಡಿದರು. ನಾನು ಕೆಳಗಿಳಿದು ಪಾರ್ಲರಿಗೆ ಹೋದೆ. ಅರ್ಧ ಮುಖ ಮುಗಿಸಿದ್ದ ಗಿರಾಕಿ ಕನ್ನಡಿಯಲ್ಲಿ ನನ್ನನ್ನು ನೋಡಿ, “ನಿಮಗೇನಾಯ್ತು, ಅಷ್ಟು ಕೆಟ್ಟದಾಗಿ ಬಂತಾ?” ಎಂದು ಗಾಬರಿಯಾದರು.

ನಿನ್ನ ಗುಟ್ಟು ಹೋಯಿತು, ಅದಕ್ಕೆ ಬೇಜಾರಿಲ್ಲ ತಾನೆ? ಅಪ್ಪ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಇದ್ದಾರೆ. ಆ ಜಾಲರಿ ಈಗ ಅವರ ದಿಂಬಿನ ಪಕ್ಕ ಇದೆ.

ಅಕ್ಕ


ಮಾರ್ಚ್ 1

ಅಕ್ಕಾ,

ನಿನ್ನ ಕಾಗದ ಎರಡು ಸಲ ಓದಿದೆ. ಆಮೇಲೆ ಕೋಣೆಯಲ್ಲಿ ಅತ್ತಿಂದಿತ್ತ ನಡೆದೆ. ನನ್ನ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುವುದೆಂದರೆ ನಿಂತಲ್ಲೇ ತಿರುಗುವುದು.

ಪಟ್ಟೆ ಬೇಡ. ಅಪ್ಪ ಹೇಳಿದ್ದು ಸರಿ, ಪಟ್ಟೆ ಕೂಗುತ್ತದೆ. ಮೆಟ್ಟಿಲಿಗೆ ಡ್ರೈ ಬ್ರಷ್ ಮಾಡು.

ನಗಬೇಡ. ಡ್ರೈ ಬ್ರಷ್ ಮಾಡಿದ್ದು ಬಣ್ಣ ಬಳಿದ ಹಾಗೆ ಕಾಣುವುದಿಲ್ಲ, ಸವೆದ ಹಾಗೆ ಕಾಣುತ್ತದೆ. ಊರಿನ ಎಲ್ಲ ಹಳೆಯ ಮೆಟ್ಟಿಲುಗಳ ಅಂಚೂ ಕಾಲು ತಾಗಿ ತಾಗಿ ಬೆಳ್ಳಗಾಗಿರುತ್ತದೆ. ಯಾರೂ ಅದನ್ನು ನೋಡಿ ಈ ಮನೆಯಲ್ಲಿ ಯಾರಿಗೆ ಕಣ್ಣಿಲ್ಲ ಎಂದು ಕೇಳುವುದಿಲ್ಲ. ಹಳೇ ಮನೆ ಅಂದುಕೊಂಡು ಹೋಗುತ್ತಾರೆ. ಅಪ್ಪನಿಗೆ ಅಂಚು ಕಾಣುತ್ತದೆ, ಬೇರೆಯವರಿಗೆ ಅಪ್ಪನ ಕಣ್ಣು ಕಾಣುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಅಂಥ ಕೆಲಸ.

ಹಾಲಿನ ಕೆನೆಯ ಬಣ್ಣದ ಪೇಂಟು ತಗೋ. ನೀರು ಬೆರೆಸಬೇಡ. ಬ್ರಷ್ಷಿನ ತುದಿ ಮಾತ್ರ ಮುಟ್ಟಿಸಿ, ರಟ್ಟಿನ ಮೇಲೆ ಒರೆಸು. ನಿನಗೆ ಸಾಕು ಅನ್ನಿಸಿದ ಮೇಲೂ ಒರೆಸು. ನಂತರ ಅಂಚಿಗೆ ಅಡ್ಡಡ್ಡವಾಗಿ, ಮಗುವಿನ ಕೆನ್ನೆ ಸವರಿದ ಹಾಗೆ ಆಡಿಸು. ಮೊದಲ ಹತ್ತು ಸಲ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಸಿಟ್ಟು ಬಂದು ಹೆಚ್ಚು ಪೇಂಟು ಮುಟ್ಟಿಸಿದೆಯೋ, ಅಲ್ಲಿಗೆ ಪಟ್ಟೆಯೇ. ಈ ವಿದ್ಯೆಯಲ್ಲಿ ಕೆಡುವವರೆಲ್ಲ ಕೆಡುವುದು ಆತುರಕ್ಕೆ.

ಬ್ರಷ್ಷು: ಗೋಡೆಗೆ ಬಳಿಯುವುದು ಬೇಡ, ಗೀರು ಬೀಳುತ್ತದೆ. ಕೆನ್ನೆಯ ಬ್ರಷ್ಷು ಮೆಟ್ಟಿಲಿಗೆ ಸಣ್ಣದು. ದೊಡ್ಡದು, ಮೆತ್ತಗಿನದು, ದುಂಡು ತಲೆಯದು ಬೇಕು. ಸಿಮೆಂಟಿಗೆ ಉಜ್ಜಿದ ಮೇಲೆ ಅದು ಮತ್ತೆ ಯಾವ ಮುಖಕ್ಕೂ ಆಗುವುದಿಲ್ಲ. ಅಂಥದ್ದು ಎಲ್ಲಾದರೂ ಕೊಳ್ಳಲು ಸಿಗುತ್ತದೆಯೇ ನೋಡು.

ಕಂಡಿಷನರ್ ಹಾಕಬೇಡ.

ತಮ್ಮ


ಮಾರ್ಚ್ 18

ತಮ್ಮಾ,

ಮಹಾರಾಣಿ ಇನ್ನಿಲ್ಲ.

ಅಂಗಡಿಗಳಲ್ಲಿ ಕೇಳಿದೆ. ದೊಡ್ಡದಿದ್ದರೆ ಮೆತ್ತಗಿಲ್ಲ, ಮೆತ್ತಗಿದ್ದರೆ ದೊಡ್ಡದಿಲ್ಲ. ಅಂಗಡಿಯವನ ಮುಂದೆ ಕಣ್ಣು ಮುಚ್ಚಿ ಒಂದೊಂದನ್ನೇ ಕೆನ್ನೆಗೆ ಆಡಿಸಿಕೊಂಡು ನಿಂತಿದ್ದೆ. ಅವನು ಪಕ್ಕದವನನ್ನು ಕರೆದು ತೋರಿಸಿದ. ಕೊನೆಗೆ ಪಾರ್ಲರಿಗೆ ರಜೆ ಇದ್ದ ದಿನ ಮಹಾರಾಣಿಯನ್ನು ಸ್ಟ್ಯಾಂಡಿನಿಂದ ಇಳಿಸಿದೆ. ಕಿಡ್ನಿಯೇ ಸುಲಭವಾಗಿತ್ತು.

ಅಪ್ಪ ಮೇಲೆ ರೇಡಿಯೋ ಹಾಕಿಕೊಂಡಿದ್ದರು. ನಾನು ಮೆಟ್ಟಿಲ ಮೇಲೆ ಕೂತು, ಒರೆಸಿ ಒರೆಸಿ, ಸವರಿ ಸವರಿ ಇಳಿಯುತ್ತ ಬಂದೆ. ನೀನು ಹೇಳಿದ್ದು ನಿಜ, ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆ ತಲೆ ಎತ್ತಿ ನೋಡಿದರೆ, ಕತ್ತಲಲ್ಲಿ ಅಂಚು ಅಂಚಾಗಿ ಮೆಟ್ಟಿಲುಗಳು ಎದ್ದು ನಿಂತಿವೆ. ಅಮ್ಮ, ಅಜ್ಜಿ, ನಾನು, ನೀನು ಎಲ್ಲ ಓಡಾಡಿ ಸವೆಸಿದ ಹಾಗೆ. ಮರುದಿನ ಬಂದ ಗಿರಾಕಿಯೊಬ್ಬರು, “ತುಂಬಾ ಹಳೇ ಮನೆ ಅಲ್ವಾ?” ಅಂದರು. ಹೌದು ಅಂದೆ. ನಾನು ಮಾಡಿದ ಮೇಕಪ್‌ಗಳಲ್ಲಿ ವಯಸ್ಸು ಹೆಚ್ಚಿಸಿದ್ದು ಇದೊಂದೇ.

ಆದರೆ ಅಪ್ಪ ಇಳಿದಿಲ್ಲ. ವಾರ ದಾಟಿತು. ಮೇಲಿನ ಬಾಗಿಲ ತನಕ ಬರುತ್ತಾರೆ, ಚೌಕಟ್ಟು ಹಿಡಿದು ನಿಲ್ಲುತ್ತಾರೆ, ಕೆಳಗೆ ನೋಡುತ್ತಾರೆ, ಒಳಗೆ ಹೋಗುತ್ತಾರೆ. ನಾನು ಕೇಳುವುದಿಲ್ಲ. ಕೇಳಿದರೆ ಕೆಡುತ್ತದೆ. ಕೆಡುವುದೆಲ್ಲ ಆತುರಕ್ಕೆ ಎಂದು ನೀನೇ ಬರೆದೆಯಲ್ಲ. ಆದರೂ ಕೈಯಲ್ಲಿ ಯಾರದೋ ಮುಖ ಇರುವಾಗ ಕಿವಿ ಮೆಟ್ಟಿಲ ಮೇಲೇ ಇರುತ್ತದೆ. ಈ ಮನೆಯಲ್ಲಿ ಈಗ ನನ್ನದೂ ಎರಡಾಳಿನ ಕಿವಿ.

ಮಹಾರಾಣಿಯನ್ನು ತೊಳೆದು ಸ್ಟ್ಯಾಂಡಿನಲ್ಲೇ ಇಟ್ಟಿದ್ದೇನೆ. ನೋಡೋಕೆ ಈಗ ಮುಳ್ಳುಹಂದಿ.

ವಿಧವೆ ಬ್ರಷ್‌ಸ್ಟ್ಯಾಂಡಿನ ಪಕ್ಕದಿಂದ,
ಅಕ್ಕ


ಏಪ್ರಿಲ್ 6

ಅಕ್ಕಾ,

ರಜೆ ಸಿಗಲಿಲ್ಲ. ಮೇಷ್ಟ್ರು, ಅಂದರೆ ನಮ್ಮ ವರ್ಕ್‌ಶಾಪಿನ ಯಜಮಾನರು, ಇನ್ನೂ ಹುಟ್ಟದ ಒಂದು ಆಸ್ಪತ್ರೆಯನ್ನು ಈ ತಿಂಗಳಲ್ಲೇ ಹೆರಬೇಕು ಅಂದಿದ್ದಾರೆ. ಮೇ ತಿಂಗಳಲ್ಲಿ ಬರುತ್ತೇನೆ. ಬಸ್ಸನ್ನು ಪಾರ್ಸೆಲ್ ಮಾಡಿದ್ದೇನೆ. ಪೆಟ್ಟಿಗೆಯೊಳಗೆ ಹತ್ತಿ ತುಂಬಿದ್ದೇನೆ, ಹುಷಾರಾಗಿ ಬಿಚ್ಚು. ಬಾಗಿಲಿನ ಮೆಟ್ಟಿಲು, ಕಿಟಕಿಯ ಅಂಚು, ಚಕ್ರ, ಸೀಟಿನ ತಲೆ, ಎಲ್ಲದಕ್ಕೂ ಅಜ್ಜಿ ಬ್ರಷ್ಷೇ ಓಡಾಡಿದೆ. ಎಲ್ಲಿ ಅಪ್ಪನ ಕೈ ತಾಗುತ್ತಿತ್ತೋ ಅಲ್ಲಿ ಒಂದು ಸುತ್ತು ಜಾಸ್ತಿ ಸವರಿದ್ದೇನೆ. ಸ್ಟೇರಿಂಗ್ ನೋಡು.

ಇಳಿದರಾ?

ತಮ್ಮ


ಏಪ್ರಿಲ್ 24

ಮಗನೆ,

ನಿನ್ನ ಅಕ್ಕನ ಪಾರ್ಲರಿನ ಬೋರ್ಡು ಬರೆಯುವ ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಒಂದು ಹಾಳೆಗೆ ಐದು ಸಾಲು ಹಿಡಿಯುತ್ತದೆ. ಹಾಳೆ ಜಾಸ್ತಿ ಇದೆ ಎಂದು ವಿಷಯವೂ ಜಾಸ್ತಿ ಇದೆ ಅಂದುಕೊಳ್ಳಬೇಡ.

ಗಾಡಿ ಬಂದು ಮುಟ್ಟಿತು. ಚೆನ್ನಾಗಿದೆ. ಹಾರ್ನ್ ಎಡಕ್ಕಿತ್ತು, ನೀನು ಬಲಕ್ಕೆ ಹಾಕಿದ್ದೀಯ. ಇರಲಿ. ಸ್ಟೇರಿಂಗ್ ಸರಿಯಾಗಿದೆ. ಸವೆದ ಜಾಗ ಅಲ್ಲೇ.

ಅದನ್ನು ಬೆಂಚಿಗೆ ತಗೊಂಡು ಹೋಗಿದ್ದೆ. ಹೋಲ್ಡಾನ್ ಅದರ ಹಿಂದಿನ ಬಾಗಿಲನ್ನು ಬೆರಳಲ್ಲಿ ಸವರಿದ. ಆಮೇಲೆ, “ಸಾಹೇಬ್ರೇ, ಇಷ್ಟು ದಿನ ಎಲ್ಲಿ ನಿಲ್ಸಿದ್ರಿ ಗಾಡೀನ?” ಅಂದ. ಬ್ರೇಕ್‌ಡೌನ್ ಆಗಿತ್ತು ಅಂದೆ. ಮುಂದೆ ಕೇಳಲಿಲ್ಲ. ಒಳ್ಳೆಯ ಕಂಡಕ್ಟರ್.

ಈಗ ದಿನಾ ಇಳಿಯುತ್ತಿದ್ದೇನೆ. ಮೊದಲು ಯಾಕೆ ಇಳಿಯಲಿಲ್ಲ ಎಂದು ನಿನ್ನ ಅಕ್ಕ ನಿನಗೆ ಬರೆದಿರುತ್ತಾಳೆ, ಕೊರಗಿರುತ್ತಾಳೆ. ಅವತ್ತು ಅವಳು ಮೆಟ್ಟಿಲ ಮೇಲೆ ಕೂತು ಉಜ್ಜುವ ಸದ್ದು ನನಗೆ ರೇಡಿಯೋದ ಮೇಲೂ ಕೇಳಿತು. ಮರುದಿನವೇ ಇಳಿದಿದ್ದರೆ ಅವಳಿಗೆ ನಾನು ಕೇಳಿಸಿಕೊಂಡೆ ಎಂದು ಗೊತ್ತಾಗುತ್ತಿತ್ತು. ಸ್ವಲ್ಪ ದಿನ ಬಿಟ್ಟೆ. ಪೇಂಟು ಒಣಗಬೇಕಲ್ಲ.

ನಿಮ್ಮ ಕಾಗದಗಳನ್ನು ಒಡೆದದ್ದು ನಿಜ. ಒಂದನ್ನೂ ಓದಿಲ್ಲ. ಓದಲು ಆಗಲಿಲ್ಲ.

ಗೋಡೆ ಮುಂದೆ ಬಂದಿತ್ತು. ಅದರಲ್ಲಿ ಬದಲಾವಣೆ ಇಲ್ಲ. ಮೆಟ್ಟಿಲು ಹಿಂದೆ ಸರಿದಿರಲಿಲ್ಲ.

ಈಗ ಕೆಲಸದ ಮಾತು. ಕೆಳಗಿನ ಎರಡು ಮೆಟ್ಟಿಲಲ್ಲಿ ಗಿರಾಕಿಗಳು ಕೂತು ಎದ್ದು ಬಣ್ಣ ಮಾಸುತ್ತಿದೆ. ಮತ್ತೆ ಹಚ್ಚಬೇಕು. ನಿನ್ನ ಅಕ್ಕನಿಗೆ ಹೇಳಿದರೆ ಇನ್ನೊಂದು ಮಹಾರಾಣಿಯನ್ನು ಕೊಂದು ಹಾಕುತ್ತಾಳೆ. ನಾನೇ ಹಚ್ಚುತ್ತೇನೆ, ಅವಳು ಮುಖ ಮಾಡುವ ಹೊತ್ತಿಗೆ ಮಾಡಿದರೆ ತಿಳಿಯುವುದಿಲ್ಲ. ಕನ್ನಡಿಯ ಹತ್ತಿರ ನನ್ನ ಹಳೆಯ ಶೇವಿಂಗ್ ಬ್ರಷ್ಷಿದೆ. ದಪ್ಪಗಿದೆ, ತಲೆ ದುಂಡಗಿದೆ. ಪಾರ್ಲರಿನಲ್ಲಿ ಅವಳು ಕೆಲಸ ಕಲಿಯುವ ಹುಡುಗಿಯರಿಗೆ ಹೇಳಿಕೊಡುವುದು ಮೇಲಕ್ಕೆ ಕೇಳುತ್ತಿರುತ್ತದೆ. ಹಾಗೆಯೇ ಕಣ್ಣು ಮುಚ್ಚಿ ಕೆನ್ನೆಯ ಮೇಲೆ ಆಡಿಸಿ ನೋಡಿದೆ. ಚುಚ್ಚುವುದಿಲ್ಲ.

ಅದು ಆಗುತ್ತದೆಯೇ, ಎಷ್ಟು ಒರೆಸಬೇಕು, ಬರೆ. ದೊಡ್ಡ ಅಕ್ಷರದಲ್ಲಿ ಬರೆ.

ಅಪ್ಪ